ಗ್ರೀಕ್ ಪುರಾಣದ ದೆವ್ವಗಳು ಕಟ್ಟಳೆ ಮೀರುವುದಿಲ್ಲ, ಭಯ ಹುಟ್ಟುವುದೇ ಅಲ್ಲಿ

ಗ್ರೀಕ್ ಕವಿ ಹೋಮರನ ಮಹಾಕಾವ್ಯ ಒಡಿಸ್ಸಿಯ ಹನ್ನೊಂದನೆಯ ಭಾಗದಲ್ಲಿ, ಟ್ರಾಯ್ ಯುದ್ಧ ಮುಗಿಸಿ ಊರಿಗೆ ಮರಳುತ್ತಿರುವ ವೀರ ಒಡಿಸ್ಯೂಸ್ ಬಿಸಿಲೇ ಬೀಳದ ಒಂದು ನಾಡಿಗೆ ಹೋಗಿ, ಕತ್ತಿಯಿಂದ ನೆಲ ಅಗೆದು ಗುಂಡಿ ತೋಡುತ್ತಾನೆ. ಉದ್ದ ಒಂದು ಮೊಳ, ಅಗಲ ಒಂದು ಮೊಳ. ಅದರ ಸುತ್ತ ಮೊದಲು ಜೇನು ಬೆರೆಸಿದ ಹಾಲು ಎರೆಯುತ್ತಾನೆ. ಆಮೇಲೆ ವೈನ್, ಆಮೇಲೆ ನೀರು. ಮೇಲೆ ಬಾರ್ಲಿ ಹಿಟ್ಟು ಉದುರಿಸುತ್ತಾನೆ. ಕೊನೆಗೆ ಕುರಿಗಳ ಕತ್ತು ಕೊಯ್ದು ರಕ್ತವನ್ನು ಗುಂಡಿಗೆ ಹರಿಸುತ್ತಾನೆ.

ಸತ್ತವರು ಬರತೊಡಗುತ್ತಾರೆ. ಎಳೆಯ ಹೆಣ್ಣುಮಕ್ಕಳು, ಮದುವೆಯಾಗದೆ ಹೋದ ಹುಡುಗರು, ತುಂಬಾ ಕಷ್ಟ ಕಂಡ ಮುದುಕರು. ಈಟಿ ತಿವಿದು ಸತ್ತ ಸೈನಿಕರು ರಕ್ತ ಮೆತ್ತಿದ ಕವಚದಲ್ಲೇ ಬರುತ್ತಾರೆ. ಎಲ್ಲರಿಗೂ ಬೇಕಾಗಿರುವುದು ಆ ರಕ್ತ. ಒಡಿಸ್ಯೂಸ್ ಕತ್ತಿ ಹಿರಿದು ಕೂತು ಯಾರನ್ನೂ ಹತ್ತಿರ ಬಿಡುವುದಿಲ್ಲ. ಮೊದಲು ಕುಡಿಯಬೇಕಾದವನು ಕಾಲಜ್ಞಾನಿ ಟೈರೇಸಿಯಸ್. ಅದು ಕಟ್ಟಳೆ.

ಅಷ್ಟರಲ್ಲಿ ಆ ಗುಂಪಿನಲ್ಲಿ ಅವನಿಗೆ ತನ್ನ ತಾಯಿ ಕಾಣಿಸುತ್ತಾಳೆ. ಅವನು ಯುದ್ಧಕ್ಕೆ ಹೊರಟಾಗ ಅವಳು ಬದುಕಿದ್ದಳು. ಅವಳು ಸತ್ತಿದ್ದಾಳೆ ಅನ್ನುವುದು ಅವನಿಗೆ ಗೊತ್ತಾಗುವುದೇ ಈಗ, ಹೀಗೆ. ಆದರೂ ಅವಳನ್ನು ತಡೆಯುತ್ತಾನೆ. ಅವಳು ಸುಮ್ಮನೆ ಎದುರಿಗೆ ಕೂತಿರುತ್ತಾಳೆ, ಮಗನ ಗುರುತು ಹಿಡಿಯುವುದಿಲ್ಲ. ಟೈರೇಸಿಯಸ್ ಬಂದು ಕುಡಿದು, ಹೇಳಬೇಕಾದ್ದನ್ನು ಹೇಳಿ ಹೋಗುತ್ತಾನೆ. ಆಮೇಲೆ ತಾಯಿ ಬಾಗಿ ಕುಡಿಯುತ್ತಾಳೆ. ಆಗ ಗುರುತು ಸಿಗುತ್ತದೆ. ಮೂರು ಸಲ ಅವಳನ್ನು ತಬ್ಬಲು ಹೋಗುತ್ತಾನೆ, ಮೂರು ಸಲವೂ ಅವಳು ಕೈಗೆ ಸಿಗದೆ ಜಾರುತ್ತಾಳೆ.

ಗ್ರೀಕ್ ಪುರಾಣದಿಂದ ಸ್ಫೂರ್ತಿ ಪಡೆದ ಅಲೌಕಿಕ ಭಯದ ಕಥೆಗಳು ಹೇಗೆ ಕೆಲಸ ಮಾಡುತ್ತವೆ ಅಂತ ತಿಳಿಯಬೇಕಾದರೆ ಈ ಒಂದು ದೃಶ್ಯವೇ ಸಾಕು. ಇಲ್ಲಿ ಯಾರೂ ಕೆಟ್ಟವರಲ್ಲ. ಯಾರಿಗೂ ಒಡಿಸ್ಯೂಸ್ ಮೇಲೆ ಸೇಡಿಲ್ಲ. ತಾಯಿ ಮಗನನ್ನು ಮರೆತದ್ದು ಶಾಪದಿಂದಲೂ ಅಲ್ಲ. ಸತ್ತವರು ಇರುವುದೇ ಹಾಗೆ, ಅಲ್ಲಿಯ ನಿಯಮ ಅದು. ಕಣ್ಣೀರು ಸುರಿಸಿದರೆ ನಿಯಮ ಸಡಿಲವಾಗುವುದಿಲ್ಲ. ರಕ್ತ ಕುಡಿದರೆ ಮಾತ್ರ ಗುರುತು.

ನಾವು ಸಿನಿಮಾಗಳಲ್ಲಿ ಜಾಸ್ತಿ ನೋಡಿರುವ ಪಾಶ್ಚಾತ್ಯ ದೆವ್ವದ ಕಥೆ ಬೇರೆ ಥರ. ಅದರ ಬೆನ್ನಿಗೆ ಕ್ರೈಸ್ತ ನಂಬಿಕೆ ಇದೆ. ಒಂದು ಕಡೆ ದೇವರು, ಇನ್ನೊಂದು ಕಡೆ ಸೈತಾನ. ಭೂತ ಹಿಡಿದರೆ ಪಾದ್ರಿ ಬರುತ್ತಾನೆ, ಶಿಲುಬೆ ಹಿಡಿಯುತ್ತಾನೆ. ಅವನು ಸೋತರೂ ಅವನ ಹಿಂದೆ ಒಬ್ಬ ಒಳ್ಳೆಯವನು ಇದ್ದಾನೆ ಅನ್ನುವ ಧೈರ್ಯ ಉಳಿಯುತ್ತದೆ. ಗ್ರೀಕರ ಲೋಕದಲ್ಲಿ ಸೈತಾನನೇ ಇಲ್ಲ. ಹೇಡೀಸ್ ಸತ್ತವರ ದೊರೆ ಅಷ್ಟೇ, ಕೇಡಿನ ದೊರೆಯಲ್ಲ. ಅಪೊಲೊ ದೇವರು ರೋಗ ವಾಸಿ ಮಾಡುತ್ತಾನೆ, ಹೋಮರನದೇ ಇನ್ನೊಂದು ಮಹಾಕಾವ್ಯ ಇಲಿಯಡ್‌ನ ಆರಂಭದಲ್ಲಿ ಅವನೇ ಸೇನೆಯ ಮೇಲೆ ಪಿಡುಗು ಹರಿಸುತ್ತಾನೆ. ಹೀಗಾಗಿ ತೊಂದರೆಗೆ ಸಿಕ್ಕವನು ಇನ್ನೊಬ್ಬರ ಮೊರೆ ಹೋಗುವ ದಾರಿಯೇ ಮುಚ್ಚಿರುತ್ತದೆ. ಯಾವ ದೇವರಿಗೆ ದೂರು ಕೊಡಬೇಕೋ ಅದೇ ದೇವರು ಎದುರಾಳಿ. ಈ ಬಗೆಯ ಕಥೆಗಳ ಜೀವ ಇರುವುದು ಇಲ್ಲೇ ಅಂತ ನಾನು ನಂಬಿದ್ದೇನೆ.

ಆ ಕಟ್ಟಳೆಗಳು ಯಾವುವು? ಹೆಣದಿಂದಲೇ ಶುರು ಮಾಡೋಣ.

ಸತ್ತವರಲ್ಲಿ ಕೆಲವರು ಶಾಂತವಾಗಿರುವುದಿಲ್ಲ ಅಂತ ಗ್ರೀಕರು ನಂಬಿದ್ದರು. ಆಯಸ್ಸು ಮುಗಿಯುವ ಮೊದಲೇ ಹೋದವರು, ಕೊಲೆಯಾಗಿ ಹೋದವರು, ಮಣ್ಣು ಕಾಣದೆ ಬಿದ್ದವರು. ಒಡಿಸ್ಯೂಸ್‌ನ ಗುಂಡಿಯ ಹತ್ತಿರ ಎಲ್ಲರಿಗಿಂತ ಮೊದಲು ಬರುವುದು ಅವನ ಹಡಗಿನವನೇ ಆದ ಎಲ್ಪೆನರ್. ಮಾಟಗಾತಿ ಸರ್ಸಿಯ ಮನೆಯ ಚಾವಣಿಯಿಂದ ಕುಡಿದ ಅಮಲಿನಲ್ಲಿ ಬಿದ್ದು ಸತ್ತ ಹುಡುಗ ಅವನು. ಗಡಿಬಿಡಿಯಲ್ಲಿ ಅವನ ಹೆಣವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ನನ್ನನ್ನು ಸುಡು, ಮಣ್ಣು ಹಾಕು, ನಾನು ಹುಟ್ಟು ಹಾಕುತ್ತಿದ್ದ ಆ ಹುಟ್ಟನ್ನೇ ಗೋರಿಯ ಮೇಲೆ ನೆಡು ಅಂತ ಬೇಡಿಕೊಳ್ಳುತ್ತಾನೆ. ಮಾಡದಿದ್ದರೆ ನಿನ್ನ ಮೇಲೆ ದೇವರ ಕೋಪ ತಂದೇನು ಅಂತಲೂ ಸೇರಿಸುತ್ತಾನೆ.

ಸೋಫೊಕ್ಲಿಸ್‌ನ ಅಂತಿಗೊನೆ ನಾಟಕವನ್ನು ನಾವು ಸಾಮಾನ್ಯವಾಗಿ ರಾಜ್ಯದ ಕಾನೂನು ಮತ್ತು ಮನಸ್ಸಾಕ್ಷಿಯ ಜಗಳ ಅಂತ ಓದುತ್ತೇವೆ. ಅದು ಸರಿಯೇ. ಆದರೆ ಅದರೊಳಗೆ ಒಂದು ಭಯದ ಕಥೆಯೂ ಇದೆ. ದೊರೆ ಕ್ರಿಯಾನ್ ಅಂತಿಗೊನೆಯ ಅಣ್ಣನ ಹೆಣಕ್ಕೆ ಮಣ್ಣು ಹಾಕಲು ಬಿಡುವುದಿಲ್ಲ, ಹಾಕಿದ ಅವಳನ್ನು ಬದುಕಿರುವಾಗಲೇ ಗೋರಿಯೊಳಗೆ ಮುಚ್ಚಿಸುತ್ತಾನೆ. ಕೆಲವೇ ಸಮಯದಲ್ಲಿ ಟೈರೇಸಿಯಸ್ ಬಂದು ಹೇಳುವುದನ್ನು ಕೇಳಿ: ನಾಯಿಗಳೂ ಹಕ್ಕಿಗಳೂ ಆ ಹೆಣದ ಚೂರುಗಳನ್ನು ತಂದು ಊರಿನ ಬಲಿಪೀಠಗಳ ಮೇಲೆಲ್ಲ ಹಾಕಿವೆ. ಹೋಮದ ಬೆಂಕಿ ಹತ್ತುತ್ತಿಲ್ಲ. ಕೊಬ್ಬು ಉರಿಯದೆ ಕರಗಿ ಬೂದಿಯ ಮೇಲೆ ಸೋರುತ್ತಿದೆ. ದೇವರು ಪೂಜೆ ತೆಗೆದುಕೊಳ್ಳುತ್ತಿಲ್ಲ. ಆಮೇಲೆ ಅವನು ತಪ್ಪು ಎಲ್ಲಿದೆ ಅಂತ ನೇರವಾಗಿ ತೋರಿಸುತ್ತಾನೆ. ಮೇಲಿರಬೇಕಾದ, ಬದುಕಿರುವ ಹುಡುಗಿಯನ್ನು ನೀನು ಗೋರಿಯೊಳಗೆ ಇಟ್ಟಿದ್ದೀಯ, ಕೆಳಗೆ ಹೋಗಬೇಕಾದ ಹೆಣವನ್ನು ಮೇಲೆ ಇಟ್ಟುಕೊಂಡಿದ್ದೀಯ. ಜಾಗ ಅದಲುಬದಲಾಗಿದೆ. ಗ್ರೀಕ್ ಭಯದ ಕಥೆಗಳಲ್ಲಿ ಬಹಳಷ್ಟನ್ನು ಈ ಒಂದು ಮಾತಿಗೆ ಇಳಿಸಬಹುದು.

ಇವೆಲ್ಲ ಬರೀ ಕವಿಗಳ ಕಲ್ಪನೆಯಾಗಿರಲಿಲ್ಲ. ಅಥೆನ್ಸಿನ ಹಳೆಯ ಸ್ಮಶಾನ ಕೆರಮೈಕೊಸ್‌ನಲ್ಲೂ ಬೇರೆ ಎಷ್ಟೋ ಕಡೆಗಳಲ್ಲೂ ಸೀಸದ ತೆಳು ತಗಡುಗಳು ಸಿಕ್ಕಿವೆ. ಅವುಗಳ ಮೇಲೆ ವೈರಿಯ ಹೆಸರು ಕೆತ್ತಿ, ಮಡಚಿ ಅಥವಾ ಸುರುಳಿ ಸುತ್ತಿ, ಕೆಲವೊಮ್ಮೆ ಮೊಳೆ ಹೊಡೆದು, ಗೋರಿಯೊಳಗೆ ಇಲ್ಲವೇ ಬಾವಿಗೆ ಹಾಕುತ್ತಿದ್ದರು. ಅವನ ನಾಲಿಗೆ ಕಟ್ಟು, ಕೋರ್ಟಿನಲ್ಲಿ ಅವನ ಮಾತು ಹೊರಡದಿರಲಿ, ಈ ಸೀಸ ಹೇಗೆ ತಣ್ಣಗಿದೆಯೋ ಹಾಗೆ ಅವನೂ ತಣ್ಣಗಾಗಲಿ, ಇಂಥ ಕೋರಿಕೆಗಳು. ಅಕಾಲದಲ್ಲಿ ಸತ್ತವರ ಗೋರಿ ಸಿಕ್ಕರೆ ಇನ್ನೂ ಒಳ್ಳೆಯದು ಅಂತ ಭಾವನೆ. ಸತ್ತವನು ಅಂಚೆಯವನ ಹಾಗೆ ಆ ಕಾಗದವನ್ನು ಕೆಳಗಿನ ದೇವತೆಗಳಿಗೆ ಮುಟ್ಟಿಸುತ್ತಾನೆ. ಚಳಿಗಾಲ ಮುಗಿಯುವ ಹೊತ್ತಿಗೆ ಬರುತ್ತಿದ್ದ ಆಂಥೆಸ್ಟೀರಿಯಾ ಹಬ್ಬದಲ್ಲಿ ಸತ್ತವರು ಊರೊಳಗೆ ಓಡಾಡುತ್ತಾರೆ ಅಂತ ಅಥೆನ್ಸಿನವರು ಬಾಗಿಲುಗಳಿಗೆ ರಾಳ ಬಳಿಯುತ್ತಿದ್ದರು, ಮುಳ್ಳುಗಿಡದ ಎಲೆ ಅಗಿಯುತ್ತಿದ್ದರು. ಹಬ್ಬ ಮುಗಿದ ಮೇಲೆ, ಇನ್ನು ಹೊರಡಿ ಅಂತ ಕೂಗಿ ಕಳಿಸುತ್ತಿದ್ದರು. ಆ ದೆವ್ವಗಳಿಗೂ ಬರುವ ದಿನ, ಹೋಗುವ ದಿನ ಇತ್ತು, ನೋಡಿ.

ಈ ನಂಬಿಕೆಯಿಂದ ಹುಟ್ಟಿದ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಫಿಲಿನ್ನಿಯೋನ್ ಕಥೆ. ಇದನ್ನು ಉಳಿಸಿಕೊಟ್ಟವನು ಫ್ಲೆಗೊನ್. ರೋಮ್ ಚಕ್ರವರ್ತಿ ಹಾಡ್ರಿಯನ್ ಬಿಡುಗಡೆ ಮಾಡಿದ ಗುಲಾಮ, ಎರಡನೆಯ ಶತಮಾನದವನು. ಅವನ ಅದ್ಭುತಗಳ ಪುಸ್ತಕದ ಒಂದೇ ಒಂದು ಹಳೆಯ ಹಸ್ತಪ್ರತಿ ನಮಗೆ ದಕ್ಕಿದೆ, ಅದರ ಮೊದಲ ಹಾಳೆಗಳು ಕಳೆದುಹೋಗಿವೆ. ಹೀಗಾಗಿ ಕಥೆ ನಡುವಿನಿಂದಲೇ ಶುರುವಾಗುತ್ತದೆ: ಮನೆಯ ಆಯಾ ಅತಿಥಿಯ ಕೋಣೆಯ ಬಾಗಿಲ ಹತ್ತಿರ ಹೋಗುತ್ತಾಳೆ. ಒಳಗೆ ದೀಪ ಉರಿಯುತ್ತಿದೆ. ಅತಿಥಿ ಮಖಾಟೀಸ್ ಪಕ್ಕದಲ್ಲಿ ಆ ಮನೆಯ ಮಗಳು ಕೂತಿದ್ದಾಳೆ. ಮಗಳು ಸತ್ತು ಕೆಲವು ತಿಂಗಳಾಗಿದೆ.

ತಾಯಿ ಮೊದಲು ನಂಬುವುದಿಲ್ಲ. ಬೆಳಿಗ್ಗೆ ಅತಿಥಿಯನ್ನು ಕೇಳಿದಾಗ ಅವನು ರಾತ್ರಿ ಬಂದವಳು ಬಿಟ್ಟುಹೋದ ಚಿನ್ನದ ಉಂಗುರವನ್ನೂ ಎದೆಪಟ್ಟಿಯನ್ನೂ ತೋರಿಸುತ್ತಾನೆ. ಎರಡೂ ಮಗಳ ಜೊತೆ ಗೋರಿಗೆ ಹೋಗಿದ್ದವು. ಅವನೇನೋ ಕಳ್ಳರು ಗೋರಿ ಅಗೆದು ಒಡವೆ ಮಾರಿರಬೇಕು ಅಂದುಕೊಳ್ಳುತ್ತಾನೆ. ಎಷ್ಟು ಸಹಜವಾದ ಯೋಚನೆ ಅಲ್ವಾ! ಮುಂದಿನ ಸಲ ಅವಳು ಬಂದಾಗ ಗುಟ್ಟಾಗಿ ಅಪ್ಪ ಅಮ್ಮನಿಗೆ ಹೇಳಿ ಕಳಿಸುತ್ತಾನೆ. ಅವರು ಓಡಿ ಬಂದು ಮಗಳನ್ನು ತಬ್ಬುತ್ತಾರೆ. ಅವಳು ಹೇಳುವ ಮಾತಿನ ತಾತ್ಪರ್ಯ ಇಷ್ಟು: ಯಾರಿಗೂ ತೊಂದರೆ ಕೊಡದೆ ನಾನು ಮೂರು ದಿನ ನನ್ನ ಅಪ್ಪನ ಮನೆಯಲ್ಲಿ ಈ ಅತಿಥಿಯ ಜೊತೆ ಇರುವುದನ್ನು ನೀವು ಸಹಿಸಲಿಲ್ಲ. ನಾನು ಬಂದದ್ದು ದೇವರ ಒಪ್ಪಿಗೆಯಿಂದ. ಈಗ ನನಗೆ ಗೊತ್ತು ಮಾಡಿದ ಜಾಗಕ್ಕೆ ಹಿಂತಿರುಗುತ್ತೇನೆ. ಇಷ್ಟು ಹೇಳಿ ಹೆಣವಾಗಿ ಬೀಳುತ್ತಾಳೆ.

ಊರಿನವರು ಗೋರಿ ತೆರೆಸುತ್ತಾರೆ. ಉಳಿದ ಮಂಚಗಳ ಮೇಲೆ ಹಳೆಯ ಹೆಣಗಳು, ಮೂಳೆಗಳು. ಅವಳ ಮಂಚದ ಮೇಲೆ ಹೆಣ ಇಲ್ಲ. ಮಖಾಟೀಸ್ ಅವಳಿಗೆ ಕೊಟ್ಟಿದ್ದ ಕಬ್ಬಿಣದ ಉಂಗುರ ಮತ್ತು ಚಿನ್ನದ ಲೇಪದ ಬಟ್ಟಲು ಅಲ್ಲಿವೆ.

ಇದನ್ನೆಲ್ಲ ಹೇಳುತ್ತಿರುವವನು ಒಬ್ಬ ಅಧಿಕಾರಿ. ಮೇಲಧಿಕಾರಿಗೆ ಬರೆದ ವರದಿಯ ರೂಪದಲ್ಲಿ ಕಥೆ ಇದೆ. ಜನರ ಗಲಾಟೆ ತಡೆದೆ, ಸಭೆ ಕರೆದೆವು, ಶಕುನ ತಿಳಿದವನು ಹೆಣವನ್ನು ಊರ ಗಡಿಯ ಹೊರಗೆ ಸಾಗಿಸಲು ಹೇಳಿದ, ಮಖಾಟೀಸ್ ತನ್ನ ಕೈಯಾರೆ ಸತ್ತ, ದೊರೆಗೆ ಬರೆಯುವುದಾದರೆ ತಿಳಿಸಿ, ವಿಚಾರಿಸಿದವರನ್ನು ಕಳಿಸುತ್ತೇನೆ. ಕಚೇರಿಯ ಕಾಗದದ ಧಾಟಿ. ಹತ್ತೊಂಬತ್ತನೆಯ ಶತಮಾನದ ದೆವ್ವದ ಕಥೆಗಾರರು ಪತ್ರ, ಡೈರಿ, ವರದಿಗಳ ಮೂಲಕ ಓದುಗರನ್ನು ನಂಬಿಸಿದ್ದು ಹೊಸ ಉಪಾಯ ಅಂತ ಕೆಲವರು ಅಂದುಕೊಂಡಿದ್ದಾರೆ. ಅದು ಆಗಲೇ ಇಲ್ಲಿತ್ತು. 1797ರಲ್ಲಿ ಜರ್ಮನ್ ಕವಿ ಗಯಟೆ ಇದೇ ಕಥೆಯನ್ನು ಕೊರಿಂತ್‌ಗೆ ತಂದು ಒಂದು ಲಾವಣಿಯಾಗಿ ಬರೆದ. ಅವನ ಹುಡುಗಿ ರಕ್ತ ಹೀರುತ್ತಾಳೆ. ಹಳೆಯ ದೇವತೆಗಳು ಮತ್ತು ಹೊಸ ಕ್ರೈಸ್ತ ಧರ್ಮದ ನಡುವಿನ ಜಗಳ ಅವಳ ಮೇಲೆ ಬಿದ್ದಿದೆ. ಗಯಟೆಯ ಪದ್ಯ ದೊಡ್ಡದು, ಒಪ್ಪುತ್ತೇನೆ. ಆದರೆ ಯಾರಿಗೂ ತೊಂದರೆ ಕೊಡದ ಆ ಹಳೆಯ ಹುಡುಗಿಯೇ ನನ್ನನ್ನು ಜಾಸ್ತಿ ಕಾಡುತ್ತಾಳೆ. ಅವಳಿಗೆ ಒಂದು ಅವಧಿ ಕೊಟ್ಟಿದ್ದರು. ಅದನ್ನು ಮುರಿದದ್ದು ಅಪ್ಪ ಅಮ್ಮನ ಪ್ರೀತಿ.

ಸತ್ತವರ ವಿಷಯ ಇದಾಯಿತು. ಇನ್ನೊಂದು ದೊಡ್ಡ ಕಟ್ಟಳೆ ನೋಟದ್ದು. ದೇವರನ್ನು ಮನುಷ್ಯ ನೋಡಬಾರದ ಹೊತ್ತಿನಲ್ಲಿ, ನೋಡಬಾರದ ರೀತಿಯಲ್ಲಿ ನೋಡಬಾರದು.

ನಾಟಕಕಾರ ಯೂರಿಪಿಡೀಸ್ ಸತ್ತ ಮೇಲೆ, ಕ್ರಿ.ಪೂ. 405ರಲ್ಲಿ ಆಡಿದ ಬಾಕೆ ನಾಟಕ ಇದರ ಶಿಖರ. ವೈನಿನ ದೇವರು ಡಯೊನೈಸಸ್ ತನ್ನ ತಾಯಿಯ ಊರಾದ ಥೀಬ್ಸ್‌ಗೆ ಬರುತ್ತಾನೆ. ದೊರೆ ಪೆಂಥಿಯೂಸ್ ಅವನನ್ನು ದೇವರೆಂದು ಒಪ್ಪುವುದಿಲ್ಲ. ಆದರೆ ಬೆಟ್ಟದ ಮೇಲೆ ಹೆಂಗಸರು ಆಚರಿಸುವ ರಹಸ್ಯ ಪೂಜೆಯನ್ನು ನೋಡಬೇಕು ಅನ್ನುವ ಆಸೆ ಅವನಿಗೆ ತಡೆಯಲಾಗುವುದಿಲ್ಲ. ಡಯೊನೈಸಸ್ ಅವನಿಗೆ ಹೆಂಗಸಿನ ವೇಷ ತೊಡಿಸಿ ಕರೆದುಕೊಂಡು ಹೋಗಿ, ಒಂದು ಎತ್ತರದ ಮರವನ್ನು ಕೈಯಿಂದ ಬಗ್ಗಿಸಿ, ತುದಿಯಲ್ಲಿ ಕೂರಿಸಿ, ಮೆಲ್ಲಗೆ ಬಿಡುತ್ತಾನೆ. ಹೆಂಗಸರು ಮರವನ್ನೇ ಕಿತ್ತು ಹಾಕುತ್ತಾರೆ. ಅವರಲ್ಲಿ ಅವನ ತಾಯಿ ಅಗಾವೆ ಇದ್ದಾಳೆ. ಪೆಂಥಿಯೂಸ್ ತಲೆಗೆ ಕಟ್ಟಿದ್ದನ್ನು ಕಿತ್ತೆಸೆದು, ಅವಳ ಕೆನ್ನೆ ಮುಟ್ಟಿ, ಅಮ್ಮಾ ನಾನು ನಿನ್ನ ಮಗ ಅನ್ನುತ್ತಾನೆ. ಅವಳಿಗೆ ಕೇಳಿಸುವುದಿಲ್ಲ. ಇಷ್ಟೂ ರಂಗದ ಹೊರಗೆ ನಡೆಯುತ್ತದೆ, ದೂತ ಬಂದು ಹೇಳುತ್ತಾನೆ.

ಮುಂದಿನದು ನಮ್ಮ ಕಣ್ಣೆದುರಿಗೆ. ಅಗಾವೆ ಮಗನ ತಲೆಯನ್ನು ಹಿಡಿದು ಹೆಮ್ಮೆಯಿಂದ ಬರುತ್ತಾಳೆ. ಸಿಂಹದ ಮರಿ ಬೇಟೆಯಾಡಿದ್ದೇನೆ ಅನ್ನುವುದು ಅವಳ ಎಣಿಕೆ. ಮುದಿ ತಂದೆ ಕ್ಯಾಡ್ಮಸ್ ಕಿರುಚುವುದಿಲ್ಲ, ಬೈಯುವುದಿಲ್ಲ. ಒಂದೊಂದೇ ಸಣ್ಣ ಪ್ರಶ್ನೆ ಕೇಳುತ್ತಾನೆ. ಮೊದಲು ಆಕಾಶ ನೋಡು. ಮೊದಲಿನ ಹಾಗೇ ಇದೆಯಾ? ಇಲ್ಲ, ಈಗ ಇನ್ನೂ ಹೊಳೆಯುತ್ತಿದೆ, ತಿಳಿಯಾಗಿದೆ ಅನ್ನುತ್ತಾಳೆ. ನಿನ್ನನ್ನು ಯಾರ ಮನೆಗೆ ಮದುವೆ ಮಾಡಿಕೊಟ್ಟೆ? ಎಖಿಯೊನ್ ಮನೆಗೆ. ನಿನ್ನ ಮಗ ಯಾರು? ಪೆಂಥಿಯೂಸ್. ನಿನ್ನ ಕೈಯಲ್ಲಿರುವುದು ಯಾರ ತಲೆ? ಸಿಂಹದ್ದು, ಜೊತೆಗಿದ್ದವರು ಹಾಗೆ ಹೇಳಿದರು. ಸರಿಯಾಗಿ ನೋಡು. ಈ ಕೆಲವು ಸಾಲುಗಳಿಗಿಂತ ಭಯಂಕರವಾದದ್ದನ್ನು ನಾನು ಎಲ್ಲೂ ಓದಿಲ್ಲ. ಬುದ್ಧಿ ತಿರುಗುವುದರಲ್ಲಿ ಅಲ್ಲಿ ಭಯವಿಲ್ಲ, ಬುದ್ಧಿ ಮರಳುವುದರಲ್ಲಿದೆ. ದೇವರ ಕೋಪ ಮನುಷ್ಯರ ಕೋಪದ ಹಾಗೆ ಇರಬಾರದಲ್ಲ ಅಂತ ಕೊನೆಗೆ ಕ್ಯಾಡ್ಮಸ್ ಕೇಳಿದರೆ, ನನ್ನ ತಂದೆ ಝ್ಯೂಸ್ ಇದಕ್ಕೆ ಎಂದೋ ಒಪ್ಪಿದ್ದಾನೆ ಅನ್ನುತ್ತಾನೆ ಡಯೊನೈಸಸ್. ಅಲ್ಲಿಗೆ ಮುಗಿಯಿತು.

ಇದೇ ಕಟ್ಟಳೆಯ ಇನ್ನೊಂದು ಮುಖ ಪ್ಯಾನ್. ಆಡಿನ ಕಾಲು, ಕೊಂಬು, ಕೊಳಲು ಇರುವ ಕಾಡುದೇವರು. ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಯುದ್ಧದ ಹೊತ್ತಿಗೆ ಸ್ಪಾರ್ಟಾಗೆ ಓಡಿದ ದೂತನಿಗೆ ಬೆಟ್ಟದ ದಾರಿಯಲ್ಲಿ ಪ್ಯಾನ್ ಎದುರಾಗಿ, ಅಥೆನ್ಸಿನವರು ನನ್ನನ್ನು ಯಾಕೆ ಮರೆತಿದ್ದೀರಿ ಅಂತ ಕೇಳಿದನಂತೆ. ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಆಮೇಲೆ ಅವರು ತಮ್ಮ ಕೋಟೆಗುಡ್ಡ ಅಕ್ರೊಪೊಲಿಸ್ ಕೆಳಗೆ ಅವನಿಗೊಂದು ಗುಡಿ ಮಾಡಿದರು. ಥಿಯೊಕ್ರಿಟಸ್‌ನ ಪದ್ಯದಲ್ಲಿ ಒಬ್ಬ ಆಡು ಕಾಯುವವನು ಮಟಮಟ ಮಧ್ಯಾಹ್ನ ಕೊಳಲು ಊದಲು ಒಪ್ಪುವುದಿಲ್ಲ. ಬೇಟೆಯಾಡಿ ದಣಿದ ಪ್ಯಾನ್ ಆಗ ಮಲಗಿರುತ್ತಾನೆ, ಎಬ್ಬಿಸಿದರೆ ಕಷ್ಟ. ರಾತ್ರಿಯ ಕತ್ತಲೆ ಇಲ್ಲ, ಪಾಳು ಮನೆ ಇಲ್ಲ. ನೆರಳೂ ಬೀಳದ ಹಾಡಹಗಲಲ್ಲಿ, ಎಲ್ಲ ಸದ್ದು ನಿಂತಾಗ ಬರುವ ಭಯ ಇದು.

ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವ ಒಂದು ಸಂಗತಿಯೂ ಇಲ್ಲಿಗೆ ಸೇರುತ್ತದೆ. ಟೈಬೀರಿಯಸ್ ಚಕ್ರವರ್ತಿಯ ಕಾಲ. ಗಾಳಿ ಬಿದ್ದು ಹಡಗು ತೇಲುತ್ತ ಪ್ಯಾಕ್ಸಿ ದ್ವೀಪದ ಹತ್ತಿರ ಬಂದಿದೆ. ದಡದಿಂದ ಒಂದು ದನಿ ಚುಕ್ಕಾಣಿಯವನನ್ನು ಥಾಮುಸ್ ಅಂತ ಹೆಸರು ಹಿಡಿದು ಕರೆಯುತ್ತದೆ. ಮೂರನೆಯ ಸಲಕ್ಕೆ ಅವನು ಓಗೊಡುತ್ತಾನೆ. ಪಾಲೋಡೆಸ್ ಅನ್ನುವ ಜಾಗದ ಎದುರಿಗೆ ಹೋದಾಗ ಮಹಾ ಪ್ಯಾನ್ ಸತ್ತನೆಂದು ಸಾರು ಅನ್ನುತ್ತದೆ ಆ ದನಿ. ಅವನು ಹಾಗೇ ಸಾರಿದಾಗ, ಯಾರೂ ಕಾಣದ ದಡದಿಂದ ಎಷ್ಟೋ ಜನ ಒಟ್ಟಿಗೆ ಅತ್ತ ಹಾಗೆ ಗೋಳು ಕೇಳಿಬರುತ್ತದೆ.

ಹಳೆಯ ದೇವರು ಸತ್ತರು ಅಂತ ಲೋಕ ನಂಬಿ ಶತಮಾನಗಳಾದ ಮೇಲೆ, ಅವರು ನಿಜವಾಗಿ ಹೋಗಿಲ್ಲದಿದ್ದರೆ ಅನ್ನುವ ಪ್ರಶ್ನೆಯಿಂದ ಆಧುನಿಕ ಕಥೆ ಹುಟ್ಟಿತು. 1894ರಲ್ಲಿ ಲಂಡನ್ನಿನಲ್ಲಿ ಬಂದ ಆರ್ಥರ್ ಮ್ಯಾಕೆನ್‌ನ ದಿ ಗ್ರೇಟ್ ಗಾಡ್ ಪ್ಯಾನ್ ಇದರಲ್ಲಿ ಮುಖ್ಯವಾದದ್ದು. ಮ್ಯಾಕೆನ್ ಹುಟ್ಟಿದ್ದು ವೇಲ್ಸಿನ ಕೆರ್ಲಿಯನ್‌ನಲ್ಲಿ, ನೆಲದಡಿಯಲ್ಲಿ ರೋಮನ್ನರ ಅವಶೇಷಗಳಿರುವ ಊರಿನಲ್ಲಿ. ಕಥೆಯಲ್ಲಿ ಒಬ್ಬ ಡಾಕ್ಟರು ಮೇರಿ ಅನ್ನುವ ಹುಡುಗಿಯ ಮೆದುಳಿಗೆ ಸಣ್ಣದೊಂದು ಶಸ್ತ್ರಚಿಕಿತ್ಸೆ ಮಾಡುತ್ತಾನೆ. ನಮ್ಮ ಕಣ್ಣಿಗೂ ನಿಜವಾದ ಲೋಕಕ್ಕೂ ನಡುವೆ ಇರುವ ಪರದೆ ಸರಿಸುವುದು ಅವನ ಗುರಿ. ಹುಡುಗಿ ಕಣ್ಣು ಬಿಡುತ್ತಾಳೆ. ಮುಖದಲ್ಲಿ ಮೊದಲು ಬೆರಗು, ಮರುಕ್ಷಣವೇ ಹೇಳಲಾಗದ ದಿಗಿಲು. ಆಮೇಲೆ ಅವಳಿಗೆ ಬುದ್ಧಿ ಉಳಿಯುವುದಿಲ್ಲ. ಅವಳಿಗೆ ಹುಟ್ಟಿದ ಮಗಳು ದೊಡ್ಡವಳಾಗಿ ಲಂಡನ್ನಿಗೆ ಬಂದಾಗ, ಅವಳ ಪರಿಚಯವಾದ ಗಂಡಸರು ಒಬ್ಬೊಬ್ಬರೇ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ.

ಅವರು ಕಂಡದ್ದೇನು? ಮ್ಯಾಕೆನ್ ಹೇಳುವುದೇ ಇಲ್ಲ. ಅಲ್ಲೊಂದು ಪತ್ರ, ಇಲ್ಲೊಂದು ಚಿತ್ರ, ಯಾರೋ ಅರ್ಧಕ್ಕೆ ನಿಲ್ಲಿಸಿದ ಮಾತು. ಇದನ್ನೂ ಹೋಮರ್ ಮೊದಲೇ ಮಾಡಿದ್ದ. ಒಡಿಸ್ಯೂಸ್ ಗುಂಡಿಯ ಹತ್ತಿರ ಇನ್ನಷ್ಟು ವೀರರನ್ನು ನೋಡಬೇಕು ಅಂತ ಕಾಯುತ್ತಿರುತ್ತಾನೆ. ಆಗ ಸತ್ತವರ ರಾಣಿ ಪರ್ಸೆಫನಿ, ನೋಡಿದವರನ್ನು ಕಲ್ಲಾಗಿಸುವ ಗೋರ್ಗನ್ ತಲೆಯನ್ನು ಕಳಿಸಿಬಿಟ್ಟರೆ ಅನ್ನುವ ಯೋಚನೆ ಬಂದು ಹಡಗಿಗೆ ಓಡುತ್ತಾನೆ. ಅಷ್ಟು ಯುದ್ಧ ಕಂಡವನನ್ನು ಓಡಿಸಿದ್ದು ಬಾರದೇ ಇದ್ದ ಒಂದು ತಲೆ. ಮ್ಯಾಕೆನ್‌ನ ಕಥೆಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಯೂ ಒಂದಿದೆ. ಕಟ್ಟಳೆ ಮುರಿದವನು ಡಾಕ್ಟರು. ತೆತ್ತವರು ಮೇರಿ ಮತ್ತು ಅವಳ ಮಗಳು. ಮಗಳಿಗೆ ತನ್ನ ಮಾತು ಹೇಳಲು ಕಥೆಯಲ್ಲಿ ಜಾಗವೇ ಇಲ್ಲ. ರೋಮನ್ ಕವಿ ಒವಿಡ್ ಹೇಳುವ ಗೋರ್ಗನ್ ಮೆಡೂಸಾಗೂ ಇದೇ ಗತಿ. ಸಮುದ್ರದ ದೇವರು ಗುಡಿಯೊಳಗೆ ಅವಳ ಮೇಲೆ ಬಲಾತ್ಕಾರ ಮಾಡುತ್ತಾನೆ, ಆ ಗುಡಿಯ ದೇವತೆ ಅವಳ ಕೂದಲನ್ನೇ ಹಾವು ಮಾಡುತ್ತಾಳೆ. ಇತ್ತೀಚಿನ ಅನೇಕ ಲೇಖಕಿಯರು ಕಥೆಯನ್ನು ಅವಳ ಕಡೆಯಿಂದ ಹೇಳಲು ಹೊರಟಿರುವುದು ತೀರಾ ಅಗತ್ಯವಾಗಿತ್ತು.

ಹೆಸರು ಮಾತ್ರ ಪುರಾಣದಿಂದ ತಂದು, ಕಟ್ಟಳೆ ಬಿಟ್ಟುಬಿಟ್ಟರೆ ಕಥೆ ಸಪ್ಪೆಯಾಗುತ್ತದೆ. ಗೂಳಿತಲೆಯ ಮಿನೊಟಾರ್ ಬರೀ ದೊಡ್ಡ ಪ್ರಾಣಿಯಾಗಿಬಿಡುತ್ತದೆ, ಕೊಂದರೆ ಮುಗಿಯಿತು. ಇದರ ಉಲ್ಟಾ ಉದಾಹರಣೆ 2017ರ ಸಿನಿಮಾ ದಿ ಕಿಲ್ಲಿಂಗ್ ಆಫ್ ಎ ಸೇಕ್ರೆಡ್ ಡಿಯರ್. ನಿರ್ದೇಶಕ ಯೋರ್ಗೊಸ್ ಲ್ಯಾಂತಿಮೊಸ್ ಗ್ರೀಸಿನವರು. ಅದರಲ್ಲಿ ದೇವರೂ ಇಲ್ಲ, ರಾಕ್ಷಸರೂ ಇಲ್ಲ. ಪುರಾಣದಲ್ಲಿ ದೊರೆ ಅಗಮೆಮ್ನಾನ್ ಆರ್ಟೆಮಿಸ್ ದೇವತೆಗೆ ಸೇರಿದ ಜಿಂಕೆ ಕೊಂದು, ಅದಕ್ಕೆ ಮಗಳು ಇಫಿಜೀನಿಯಾಳನ್ನು ಬಲಿ ಕೊಡಬೇಕಾಗಿ ಬಂತು. ಇಲ್ಲಿ ಒಬ್ಬ ಹೃದಯದ ಸರ್ಜನ್ನನ ಕೈಯಲ್ಲಿ ರೋಗಿಯೊಬ್ಬ ಸತ್ತಿದ್ದಾನೆ. ಆ ರೋಗಿಯ ಮಗ ಒಂದು ದಿನ ಗಡಿಬಿಡಿಯಿಂದ, ಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸುತ್ತಾನೆ: ನಿಮ್ಮ ಮನೆಯವರಲ್ಲಿ ಒಬ್ಬರನ್ನು ನೀವೇ ಆರಿಸಿ ಕೊಲ್ಲಬೇಕು. ಇಲ್ಲದಿದ್ದರೆ ಎಲ್ಲರೂ ಸಾಯುತ್ತಾರೆ. ಮೊದಲು ಕಾಲು ಬೀಳುತ್ತದೆ, ಆಮೇಲೆ ಊಟ ಸೇರುವುದಿಲ್ಲ, ಆಮೇಲೆ ಕಣ್ಣಿಂದ ರಕ್ತ, ಆಮೇಲೆ ಸಾವು. ಇದು ಹೇಗೆ ಸಾಧ್ಯ ಅಂತ ಸಿನಿಮಾ ಎಲ್ಲೂ ವಿವರಿಸುವುದಿಲ್ಲ. ದೊಡ್ಡ ಆಸ್ಪತ್ರೆಯ ಎಲ್ಲ ಸ್ಕ್ಯಾನುಗಳೂ ಸರಿಯಾಗಿಯೇ ಬರುತ್ತವೆ. ಕಟ್ಟಳೆ ಮಾತ್ರ ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಕನ್ನಡದ ಓದುಗರಿಗೆ ಈ ಲೋಕಕ್ಕೆ ಬಾಗಿಲು ಮೊದಲೇ ತೆರೆದಿದೆ. ಲಂಕೇಶರು ದೊರೆ ಈಡಿಪಸ್ ಮತ್ತು ಅಂತಿಗೊನೆ ನಾಟಕಗಳನ್ನು ಕನ್ನಡಕ್ಕೆ ತಂದಿದ್ದಾರೆ. ಬಿ.ಎಂ.ಶ್ರೀಯವರ ಅಶ್ವತ್ಥಾಮನ್ ನಾಟಕದ ಮೂಲ ಸೋಫೊಕ್ಲಿಸ್‌ನ ಏಜಾಕ್ಸ್. ದೇವತೆಯೊಬ್ಬಳು ವೀರನೊಬ್ಬನ ಬುದ್ಧಿ ಕೆಡಿಸಿ, ಅವನ ವೈರಿಯನ್ನು ಕರೆದು ತೋರಿಸುವ ಕಥೆ ಅದು. ಆದರೆ ದೆವ್ವವೇ ಬೇಕು ಅನ್ನುವವರು ಶ್ರೀಯವರ ಪಾರಸಿಕರು ಹಿಡಿಯಬೇಕು. ಇದರ ಮೂಲ ಎಸ್ಕಿಲಸ್ ಕ್ರಿ.ಪೂ. 472ರಲ್ಲಿ ಆಡಿಸಿದ ನಾಟಕ. ಸೇನೆ ಸೋತ ಸುದ್ದಿ ಬಂದಾಗ ಪರ್ಷಿಯದ ರಾಣಿ ಗಂಡನ ಗೋರಿಯ ಮೇಲೆ ಹಾಲು, ಜೇನು, ನೀರು, ವೈನ್ ಎರೆಯುತ್ತಾಳೆ. ಸತ್ತ ದೊರೆ ದಾರಿಯಸ್ ಎದ್ದು ಬರುತ್ತಾನೆ. ಕೆಳಗಿನ ದೇವತೆಗಳಿಗೆ ಬಿಟ್ಟುಕೊಡುವುದಕ್ಕಿಂತ ಹಿಡಿದುಕೊಳ್ಳುವುದು ಚೆನ್ನಾಗಿ ಬರುತ್ತದೆ, ಬೇಗ ಹೇಳಿ, ಹೊತ್ತು ಮೀರಿದರೆ ತಪ್ಪು ನನ್ನ ಮೇಲೆ ಬರುತ್ತದೆ ಅಂತ ಅವಸರ ಮಾಡುತ್ತಾನೆ. ಅಷ್ಟು ದೊಡ್ಡ ಸಾಮ್ರಾಜ್ಯ ಆಳಿದವನಿಗೂ ಅಲ್ಲಿ ಹೊತ್ತಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಆ ಭಾಗವನ್ನು ಓದುವಾಗ ಜೊತೆಗೆ ಒಡಿಸ್ಸಿಯ ಹನ್ನೊಂದನೆಯ ಭಾಗವನ್ನೂ ಇಟ್ಟುಕೊಳ್ಳಿ. ಬಾಕೆ ನಾಟಕವನ್ನು ಇವೆರಡೂ ಮುಗಿದ ಮೇಲೆ ತೆಗೆಯಿರಿ.